ಎಂಟು ವರ್ಷ ಹೊಲಿಗೆ ಕಲಿಸಿದೆ, ಕತ್ತರಿ ಮಾತ್ರ ಇನ್ನೂ ನನ್ನ ಕೈಯಲ್ಲೇ ಇದೆ. ದಾರಿ ಹೇಳಿ

ಸದಾಶಿವಗಡದ ಅಕ್ಕೋರು | ಭಾನುವಾರ ರಾತ್ರಿ 9.50

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗ್ತದೆ, ಆದ್ರೂ ಪೂರ್ತಿ ಓದಿ.

ಕಾಳಿ ಹೊಳೆಯ ಈಚೆ ದಡದಲ್ಲಿ ನಮ್ಮ ಇಗರ್ಜಿಯ ಹಿಂದೆ ಒಂದು ಹಾಲ್ ಇದೆ. ಅಲ್ಲಿ ಎಂಟು ವರ್ಷದಿಂದ ಹೊಲಿಗೆ ಕಲಿಸ್ತಾ ಬಂದಿದ್ದೇನೆ. ಐದು ಮಶಿನ್, ಅದರಲ್ಲಿ ಮೂರಕ್ಕೆ ಮೋಟಾರ್ ಇಲ್ಲ. ವಾರಕ್ಕೆ ಮೂರು ದಿನ, ಮಧ್ಯಾಹ್ನ ಊಟ ಆದಮೇಲೆ ಎರಡು ತಾಸು. ಮೀನು ಮಾರುವವರ ಹೆಣ್ಣುಮಕ್ಕಳು, ಗಂಡ ಬೋಟಿಗೆ ಹೋಗುವವರು, ಗಂಡನನ್ನು ಕಳಕೊಂಡವರು, ಎಲ್ಲ ಜಾತಿಯವರೂ ಬರ್ತಾರೆ. ನೂರರ ಹತ್ತಿರ ಹೆಂಗಸರು ಕಲಿತು ಹೋಗಿದ್ದಾರೆ ಅಂತ ಕಂಡವರ ಹತ್ರ ಎಲ್ಲ ಹೇಳ್ತಿದ್ದೆ.

ಹೋದ ವಾರ ಜ್ವರ ಬಂದು ಮಲಗಿದ್ದೆ. ಸಂಜೆ ಎದ್ದು ಬಾಗಿಲು ತೆಗೆದ್ರೆ ಜಗಲಿ ಮೇಲೆ ಏಳು ಜನ ಕೂತಿದ್ದಾರೆ. ಎಲ್ಲರ ತೊಡೆ ಮೇಲೂ ಒಂದೊಂದು ಪ್ಲಾಸ್ಟಿಕ್ ಚೀಲ, ಚೀಲದೊಳಗೆ ಬ್ಲೌಸ್ ಪೀಸು. "ಅಕ್ಕೋರೇ, ಇದೊಂದು ಕಟ್ ಮಾಡಿಕೊಟ್ರೆ ಸಾಕು, ಹೊಲಿಗೆ ನಾವೇ ಹಾಕ್ಕೊಳ್ತೇವೆ." ಅವರಲ್ಲಿ ಒಬ್ಬಳು ನನ್ನ ಮೊದಲನೇ ವರ್ಷದವಳು. ಅವಳ ಹೊಲಿಗೆ ನನ್ನದಕ್ಕಿಂತ ನೇರ. ಜ್ವರದಲ್ಲೇ ಕೂತು ಏಳನ್ನೂ ಕಟ್ ಮಾಡಿದೆ. ಅವರು ಹೋದಮೇಲೆ ನಿದ್ದೆ ಬರಲಿಲ್ಲ.

ನೂರು ಜನಕ್ಕೆ ಮಶಿನ್ ತುಳಿಯೋದು ಕಲಿಸಿದೆ, ಒಬ್ಬಳ ಕೈಗೂ ಕತ್ತರಿ ಕೊಡಲಿಲ್ಲ. ಗಿರಾಕಿಯ ಬಟ್ಟೆ ಹಾಳಾಗ್ತದೆ ಅಂತ ಹೇಳ್ತಾ ನಾನೇ ಕಟ್ ಮಾಡಿಕೊಡ್ತಾ ಬಂದೆ. ನಾಳೆ ನಾನು ಹಾಸಿಗೆ ಹಿಡಿದ್ರೆ ಇವರೆಲ್ಲ ಏನು ಮಾಡಬೇಕು? ಅಪೊಸ್ತಲರ ಕೃತ್ಯಗಳಲ್ಲಿ ಪೇತ್ರ ದೇವಾಲಯದ ಬಾಗಿಲಲ್ಲಿ ಭಿಕ್ಷೆ ಬೇಡ್ತಿದ್ದ ಕುಂಟನ ಬಲಗೈ ಹಿಡಿದು ಎತ್ತಿದ್ನಲ್ಲ, ದುಡ್ಡು ಕೊಡದೆ ಕಾಲು ಕೊಟ್ಟ. ಎತ್ತಿ ನಿಲ್ಲಿಸಿ ಕೈ ಬಿಟ್ಟ, ಅವನು ಕುಣೀತಾ ಒಳಗೆ ಹೋದ. ನಾನು ಹಿಡಿದ ಕೈ ಬಿಟ್ಟೇ ಇಲ್ಲ. ಅದು ನನ್ನನ್ನು ಚುಚ್ತಾ ಇದೆ.

ಇನ್ನೊಂದು ವಿಷಯ. ಈಗಿನ ತಂಡದ ಹದಿನಾಲ್ಕು ಜನರಲ್ಲಿ ಐವರು ಮಾತ್ರ ಕ್ರೈಸ್ತರು. ಕ್ಲಾಸ್ ಶುರು ಮಾಡುವ ಮುಂಚೆ ಒಂದು ನಿಮಿಷ ಪ್ರಾರ್ಥನೆ ಮಾಡೋದು ಮೊದಲಿಂದ ಬಂದ ಪದ್ಧತಿ. ಒಬ್ಬಳ ಅತ್ತೆ ಈಚೆಗೆ ಏನೋ ಅಂದಳಂತೆ. ಮುಂದುವರಿಸಲಾ, ಬಿಡಲಾ?

ಮನಸ್ಸಿಗೆ ಬಂದದ್ದು ಹೇಳಿ. ಬೈದರೂ ಪರವಾಗಿಲ್ಲ.

---

ಬಿಣಗಾ ದರ್ಜಿ | ಭಾನುವಾರ ರಾತ್ರಿ 10.15

ಅಕ್ಕೋರೇ, ನಾನು ಮೂವತ್ತು ವರ್ಷದಿಂದ ಅಂಗಡಿ ಇಟ್ಟವನು. ಕಟಿಂಗ್ ಅಂದ್ರೆ ದರ್ಜಿಯ ಬಂಡವಾಳ. ಮೂರು ಹುಡುಗರಿಗೆ ಪೂರ್ತಿ ಕಲಿಸಿದೆ, ಒಬ್ಬ ನನ್ನ ಅಂಗಡಿ ಎದುರಿಗೇ ಅಂಗಡಿ ಹಾಕಿದ. ರೆಡಿಮೇಡ್ ಬಂದಮೇಲೆ ಮೊದಲೇ ಕೆಲಸ ಅರ್ಧ ಆಗಿದೆ. ಒಂದೇ ಊರಲ್ಲಿ ನೂರು ಜನ ಕಟಿಂಗ್ ಕಲಿತರೆ ಯಾರಿಗೂ ಹೊಟ್ಟೆ ತುಂಬೋದಿಲ್ಲ. ಅದನ್ನೂ ಯೋಚಿಸಿ.

---

ಕಾಸರಕೋಡು ಕಡಲು | ಭಾನುವಾರ ರಾತ್ರಿ 10.22

ದರ್ಜಿ ಅಣ್ಣ, ಆ ಹೆಂಗಸರ ಹೊಟ್ಟೆಯೂ ಹೊಟ್ಟೆಯೇ ಅಲ್ವಾ?

---

ಬಿಣಗಾ ದರ್ಜಿ | ಭಾನುವಾರ ರಾತ್ರಿ 10.31

ಅಲ್ಲ ಅಂತ ನಾನೆಲ್ಲಿ ಹೇಳಿದೆ? ಕಲಿಸಬೇಡಿ ಅನ್ನಲಿಲ್ಲ. ಎಲ್ಲರಿಗೂ ಬರೀ ಬ್ಲೌಸ್ ಕಲಿಸಬೇಡಿ ಅಂತ ಹೇಳ್ತಿದ್ದೇನೆ. ಶಾಲೆ ಯೂನಿಫಾರ್ಮು, ಪಡದೆ, ದಿಂಬಿನ ಕವರ್, ಹಳೆ ಪ್ಯಾಂಟು ಬಿಗಿ ಮಾಡೋದು, ಪೀಕೋ ಫಾಲ್, ಇವುಗಳಿಗೆ ಕಾರವಾರ ಪೇಟೆಯಲ್ಲಿ ಈಗಲೂ ಜನ ಸಿಗೋದಿಲ್ಲ.

---

ಪಾದ್ರಿಯ ಮಗಳು | ಸೋಮವಾರ ಬೆಳಿಗ್ಗೆ 6.40

ಅಕ್ಕೋರೇ, ನೀವು ಹೇಳಿದ ಆ ಕಥೆ 3ನೇ ಅಧ್ಯಾಯದ 8ನೇ ವಚನಕ್ಕೆ ಮುಗಿಯೋದಿಲ್ಲ. 11ನೇ ವಚನ ನೋಡಿ. ಅವನು ಪೇತ್ರನನ್ನೂ ಯೋಹಾನನನ್ನೂ ಹಿಡಕೊಂಡೇ ಇದ್ದ. ಎದ್ದು ನಿಂತವನು ತಕ್ಷಣ ಕೈ ಬಿಟ್ಟು ಓಡಿಹೋಗಲಿಲ್ಲ. ಸ್ವಲ್ಪ ಹೊತ್ತು ಹಿಡಕೊಳ್ಳೋದು ತಪ್ಪಲ್ಲ. ಆದರೆ ಪೇತ್ರ ಆಗ ಏನು ಮಾಡಿದ? ಜನ ಓಡಿ ಬಂದಾಗ, ನಮ್ಮ ಸ್ವಂತ ಶಕ್ತಿಯಿಂದ ಇವನನ್ನು ನಡೆಸಿದೆವು ಅನ್ನೋ ಹಾಗೆ ನಮ್ಮನ್ನೇ ಯಾಕೆ ನೋಡ್ತೀರಿ ಅಂತ ಕೇಳಿದ. ತನ್ನ ಮೇಲಿದ್ದ ಕಣ್ಣನ್ನು ಬೇರೆ ಕಡೆ ತಿರುಗಿಸಿದ. ನನಗೆ ಇಡೀ ಕಥೆಯಲ್ಲಿ ಕಷ್ಟದ ಕೆಲಸ ಅಂತ ಕಾಣೋದು ಅದೇ.

ನಮ್ಮ ಅಪ್ಪ ಅಂಕೋಲೆ ಕಡೆ ಸಭೆ ನೋಡಿಕೊಳ್ತಿದ್ದಾಗ ಪೌಲ ತಿಮೊಥೆಯನಿಗೆ ಬರೆದ ಎರಡನೇ ಪತ್ರದ 2:2 ಅನ್ನು ಆಗಾಗ ಹೇಳ್ತಿದ್ರು. ನನ್ನಿಂದ ಕೇಳಿದ್ದನ್ನು ಬೇರೆಯವರಿಗೆ ಕಲಿಸಬಲ್ಲವರಿಗೆ ಒಪ್ಪಿಸು ಅಂತ ಪೌಲ ಹೇಳ್ತಾನೆ. ಎಣಿಸಿ ನೋಡಿ: ಪೌಲ, ತಿಮೊಥೆಯ, ಅವನಿಂದ ಕಲಿತವರು, ಅವರಿಂದ ಕಲಿಯುವವರು. ಒಂದೇ ವಾಕ್ಯದಲ್ಲಿ ನಾಲ್ಕು ತಲೆ. ನೀವು ಎರಡನೇ ತಲೆಗೆ ನಿಂತಿದ್ದೀರಿ.

---

ಸದಾಶಿವಗಡದ ಅಕ್ಕೋರು | ಸೋಮವಾರ ಬೆಳಿಗ್ಗೆ 7.05

11ನೇ ವಚನ ನಾನು ಎಷ್ಟೋ ಸಲ ಓದಿದ್ದೇನೆ, ಕಣ್ಣಿಗೆ ಬಿದ್ದೇ ಇರಲಿಲ್ಲ. ದೇವರು ಒಳ್ಳೇದು ಮಾಡಲಿ ನಿಮಗೆ.

---

ಕುಮಟೆ ಮಾಸ್ತರು | ಸೋಮವಾರ ಬೆಳಿಗ್ಗೆ 9.10

ನಾನು ನಿವೃತ್ತ ಗಣಿತ ಮಾಸ್ತರು, ಹೊಲಿಗೆ ಬಾರದು. ಒಂದು ಪ್ರಶ್ನೆ ಕೇಳ್ತೇನೆ. ಕಟಿಂಗ್‌ಗೆ ಬಂದಾಗ ಆ ಹೆಂಗಸರು ಎಲ್ಲಿ ನಿಲ್ತಾರೆ? ಕತ್ತರಿ ಹಿಡಿಯೋ ಹೆದರಿಕೆಯಾ, ಲೆಕ್ಕದ ಹೆದರಿಕೆಯಾ?

---

ಸದಾಶಿವಗಡದ ಅಕ್ಕೋರು | ಸೋಮವಾರ ಬೆಳಿಗ್ಗೆ 9.48

ಮಾಸ್ತರೇ, ಲೆಕ್ಕದ್ದೇ. ಎದೆ ಸುತ್ತಳತೆ 36 ಇಂಚು ಅಂದ್ರೆ ಅದರ ಕಾಲು ಭಾಗ 9, ಅದಕ್ಕೆ ಸಡಿಲಕ್ಕೂ ಹೊಲಿಗೆಗೂ ಸೇರಿ ಒಂದೂವರೆ, ಒಟ್ಟು ಹತ್ತೂವರೆ. 36 ಇದ್ದರೆ ಹೇಗೋ ಮಾಡ್ತಾರೆ. 37 ಅಂದ್ರೆ ಕೈ ನಿಂತುಬಿಡ್ತದೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವರೇ ಹೆಚ್ಚು. ಅದಕ್ಕೇ ನಾನು 32, 34, 36, 38ಕ್ಕೆ ಬ್ರೌನ್ ಪೇಪರ್‌ನಲ್ಲಿ ಅಚ್ಚು ಕತ್ತರಿಸಿ ಇಟ್ಟಿದ್ದೆ. ಅದೂ ನನ್ನ ಹತ್ರವೇ ಇದೆ.

---

ಕುಮಟೆ ಮಾಸ್ತರು | ಸೋಮವಾರ ಬೆಳಿಗ್ಗೆ 10.20

ನಾನು ಅಂದುಕೊಂಡದ್ದೇ ಸರಿ ಆಯ್ತು. ಲೆಕ್ಕವೇ ಬೇಡ. ಟೇಪು ಕೈಯಲ್ಲಿ ಇದೆಯಲ್ಲ. ಟೇಪಿನ ತುದಿಯನ್ನು 37ರ ಗೆರೆಗೆ ತಂದು ಮಡಚಿ. ಮಡಚಿದ್ದನ್ನು ಮತ್ತೆ ತುದಿಗೆ ತುದಿ ಸೇರಿಸಿ ಮಡಚಿ. ಈಗ ನಾಲ್ಕು ಪದರ ಆಯ್ತು. ಆ ಮಡಿಕೆಯ ಉದ್ದವೇ ಕಾಲು ಭಾಗ. ಅದನ್ನು ಹಾಗೇ ಬಟ್ಟೆ ಮೇಲಿಟ್ಟು ಚಾಕ್‌ನಲ್ಲಿ ಗುರುತು ಹಾಕಿ. ಒಂಬತ್ತೂಕಾಲು ಅಂತ ಬಾಯಲ್ಲಿ ಹೇಳುವ ಅಗತ್ಯವೇ ಇಲ್ಲ. ಆಮೇಲೆ ಒಂದೂವರೆ ಇಂಚು ಅಂದ್ರೆ ಅವರದೇ ಹೆಬ್ಬೆರಳಿನ ಎಷ್ಟು ಅಗಲ ಅಂತ ಒಂದು ಸಲ ಅಳೆದು ನೆನಪಿಟ್ಟುಕೊಂಡ್ರೆ ಆಯ್ತು.

ನನ್ನ ಅಜ್ಜಿ ಶಾಲೆ ಮೆಟ್ಟಿಲು ಹತ್ತಿದವಳಲ್ಲ. ಅರ್ಧ, ಕಾಲು, ಅರೆಕಾಲು ಎಲ್ಲ ಅವಳ ಬಾಯಲ್ಲಿ ನೀರು ಕುಡಿದ ಹಾಗೆ ಬರ್ತಿತ್ತು, ಯಾಕಂದ್ರೆ ಅಕ್ಕಿ ಅಳೆದು, ಬೆಲ್ಲ ತೂಗಿ ಕಲಿತಿದ್ದಳು. ಮೀನು ಮಾರುವ ಹೆಂಗಸಿಗೆ ಲೆಕ್ಕ ಬರೋದಿಲ್ಲ ಅಂತ ಯಾರಾದ್ರೂ ಹೇಳಿದ್ರೆ ನಾನು ನಂಬೋದಿಲ್ಲ. ಬೆಳಿಗ್ಗೆ ಬಂದರಿನಲ್ಲಿ ಅವಳು ಒಂದು ಬುಟ್ಟಿ ಬಂಗುಡೆಗೆ ಕೂಗುವ ರೇಟು ನೋಡಿ. ಬರದೇ ಇರೋದು ಕಾಗದದ ಮೇಲಿನ ಲೆಕ್ಕ. ಅದನ್ನು ನಾವು ಮಾಸ್ತರು ಜನ ಹೆದರಿಸಿ ಹೆದರಿಸಿ ಹಾಗೆ ಮಾಡಿದ್ದೇವೆ.

---

ಬಿಣಗಾ ದರ್ಜಿ | ಸೋಮವಾರ ಮಧ್ಯಾಹ್ನ 1.30

ಮಾಸ್ತರು ಹೇಳಿದ್ದು ನೂರಕ್ಕೆ ನೂರು ಸರಿ. ನನ್ನ ಉಸ್ತಾದರೂ ಟೇಪು ಮಡಚಿಯೇ ತೋರಿಸಿದ್ದು. ಅಕ್ಕೋರೇ, ಆ ಅಚ್ಚಿನ ಕಾಗದಗಳನ್ನು ಮೊದಲು ಒಳಗಿಡಿ. ಅಚ್ಚಿನ ಮೇಲೆ ಕಲಿತವಳು ಅಚ್ಚಿಗೆ ಹೊಂದುವ ಮೈಗೆ ಮಾತ್ರ ಹೊಲಿತಾಳೆ. ಭುಜ ಇಳಿದವರು, ಬೆನ್ನು ಬಾಗಿದವರು, ಒಂದು ತೋಳು ದಪ್ಪ ಇರುವವರು ಬಂದಾಗ ಅಚ್ಚು ಏನೂ ಹೇಳಿಕೊಡೋದಿಲ್ಲ. ಹದಿನೈದು ದಿನ ಹಳೆ ನ್ಯೂಸ್ ಪೇಪರ್ ಕತ್ತರಿಸಲಿ. ಆಮೇಲೆ ಹಳೆ ಸೀರೆ, ಹಳೆ ಲುಂಗಿ. ಕೊನೆಗೆ ಅವರದೇ ಬ್ಲೌಸು. ಗಿರಾಕಿ ಬಟ್ಟೆ ಆಮೇಲೆ.

---

ಜೆಪ್ಪು ಮೊಮ್ಮಗ | ಸೋಮವಾರ ಸಂಜೆ 6.05

ನನ್ನ ಮುತ್ತಜ್ಜ ಮಂಗಳೂರು ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ (ಸ್ವಿಟ್ಜರ್ಲೆಂಡಿನಿಂದ ಬಂದ ಕ್ರೈಸ್ತ ಮಿಷನ್) ಹೆಂಚಿನ ಕಾರ್ಖಾನೆಯಲ್ಲಿ ಕೆಲಸ ಮಾಡ್ತಿದ್ದರು. ಅಜ್ಜ ಕೆಲಸ ಹುಡುಕಿ ಕಾರವಾರಕ್ಕೆ ಬಂದ್ರು, ನಾವು ಇಲ್ಲೇ ಉಳಿದೆವು. ಅಕ್ಕೋರ ಪ್ರಶ್ನೆ ನಮ್ಮ ಮನೆಯಲ್ಲಿ ನಾಲ್ಕು ತಲೆಮಾರಿನಿಂದ ಚರ್ಚೆ ಆಗ್ತಿರುವ ಪ್ರಶ್ನೆ. ಅದಕ್ಕೇ ಬರೀತಿದ್ದೇನೆ.

ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದ್ರು. ಕ್ರೈಸ್ತರಾದವರನ್ನು ಮನೆಯಿಂದ, ಜಾತಿಯಿಂದ, ಕಸುಬಿನಿಂದ ಹೊರಗೆ ಹಾಕ್ತಿದ್ರು. ಗೇಣಿ ಭೂಮಿ ಹೋಗ್ತಿತ್ತು, ಶೇಂದಿ ಇಳಿಸುವವನಿಗೆ ಮರ ಇರ್ತಿರಲಿಲ್ಲ. ಅವರಿಗೆ ಅನ್ನ ಬೇಕು, ಆದರೆ ಕೂತು ತಿನ್ನುವ ಅನ್ನ ಬೇಡ ಅಂತ ಮಿಷನ್ ಕಸುಬು ಕಲಿಸೋಕೆ ಹೊರಟಿತು. 1841ರಲ್ಲಿ ಅಚ್ಚುಕೂಟ. 1843ರಲ್ಲಿ ಮೋಗ್ಲಿಂಗ್ ಶುರು ಮಾಡಿದ 'ಮಂಗಳೂರ ಸಮಾಚಾರ' ಎಲ್ಲರಿಗೂ ಗೊತ್ತು. 1851ರಲ್ಲಿ ಹಾಲರ್ ಬಂದು ನೇಯ್ಗೆ ಶುರು ಮಾಡಿದ, ಆ ಮಗ್ಗಗಳ ಖಾಕಿ ಬಟ್ಟೆಯೂ ಹೆಸರಾಯ್ತು. 1865ರಲ್ಲಿ ಪ್ಲೆಬ್ಸ್ಟ್ ನೇತ್ರಾವತಿ ದಡದ ಜೇಡಿಯಿಂದ ಹೆಂಚು ಮಾಡಿದ. ನಮ್ಮ ಕರಾವಳಿಯ ಹಳೆ ಮನೆಗಳ ಮಾಡಿನ ಮೇಲೆ ಇವತ್ತೂ ಆ ಹೆಂಚು ಇದೆ.

ಇದು ಹೆಮ್ಮೆಯ ಭಾಗ. ನೋವಿನ ಭಾಗವೂ ಇದೆ. ಮುತ್ತಜ್ಜ ಇದ್ದ ಮನೆ ಮಿಷನ್‌ದು, ಕೆಲಸ ಮಿಷನ್‌ದು, ಮಕ್ಕಳ ಶಾಲೆ ಮಿಷನ್‌ದು, ಕಾಯಿಲೆ ಬಂದ್ರೆ ಔಷಧಿ ಮಿಷನ್‌ದು. ಮೊದಲ ಮಹಾಯುದ್ಧ ಬಂತು. ಜರ್ಮನ್ ಮಿಷನರಿಗಳನ್ನು ಬ್ರಿಟಿಷರು ಹಿಡಿದು ವಾಪಸ್ ಕಳಿಸಿದ್ರು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಅನ್ನೋ ಬ್ರಿಟಿಷ್ ಕಂಪನಿ ಕೈಗೆ ಹೋದವು. ಒಂದೇ ದಿನದಲ್ಲಿ ತಂದೆತಾಯಿ ಇಬ್ಬರನ್ನೂ ಕಳಕೊಂಡ ಹಾಗೆ ಆಯ್ತು ಅಂತ ಮುತ್ತಜ್ಜ ಹೇಳ್ತಿದ್ರಂತೆ. ಕಸುಬು ಕೈಯಲ್ಲಿತ್ತು, ಆದರೆ ಜೇಡಿ ಎಲ್ಲಿಂದ ಕೊಳ್ಳೋದು, ಯಾರಿಗೆ ಮಾರೋದು, ಸಾಲ ಎಲ್ಲಿ ಕೇಳೋದು ಅನ್ನೋದು ಒಂದೂ ಗೊತ್ತಿರಲಿಲ್ಲ. ಅದೆಲ್ಲ ಸಾಯೇಬರು ನೋಡಿಕೊಳ್ತಿದ್ರು.

ಇನ್ನೊಂದು ಕಡೆ ನೋಡಿ. ಹೆಂಚಿನ ಕೆಲಸ ನೋಡಿ ಕಲಿತ ಊರಿನವರು ಸ್ವಂತ ಕಾರ್ಖಾನೆ ಹಾಕಿದ್ರು, ಊರೆಲ್ಲ ಹೊಗೆ ಕೊಳವೆ ಎದ್ದವು. ಮಿಷನ್ ಹೋದರೂ ಆ ಕಸುಬು ಸಾಯಲಿಲ್ಲ. ಅಕ್ಕೋರೇ, ಕಟಿಂಗ್ ಮಾತ್ರ ಅಲ್ಲ. ದಾರ ಎಲ್ಲಿ ಅಗ್ಗ, ಗಿರಾಕಿ ಹತ್ರ ರೇಟು ಹೇಗೆ ಹೇಳೋದು, ಬಾಕಿ ಹೇಗೆ ವಸೂಲಿ ಮಾಡೋದು, ಇವುಗಳನ್ನೂ ನೀವೇ ಮಾಡ್ತಿದ್ರೆ ಅದನ್ನೂ ಕೊಡಿ.

---

ಕಾಸರಕೋಡು ಕಡಲು | ಸೋಮವಾರ ಸಂಜೆ 6.40

ಇದನ್ನು ಓದಿ ಮೈ ಜುಂ ಅಂತು. ನಮ್ಮ ಹೊನ್ನಾವರದಲ್ಲೂ ಬಾಸೆಲ್ ಮಿಷನ್ ಇತ್ತು ಅಂತ ಕೇಳಿದ್ದೆ, ಇಷ್ಟೆಲ್ಲ ಗೊತ್ತಿರಲಿಲ್ಲ.

---

ಶಿರಸಿ ತೋಟ | ಸೋಮವಾರ ರಾತ್ರಿ 8.15

ಜೆಪ್ಪು ಅವರೇ, ಒಂದು ಮಾತು. ಆ ಕಾಲದ ಮಿಷನ್ ಕೆಲಸದ ಹಿಂದೆ ಮತಾಂತರದ ಉದ್ದೇಶ ಇರಲಿಲ್ಲ ಅಂತ ಹೇಳೋಕೆ ಆಗ್ತದಾ? ನಾನು ಜಗಳಕ್ಕೆ ಬರೆದದ್ದಲ್ಲ. ಅಕ್ಕೋರ ಕೆಲಸದ ಮೇಲೆ ನನಗೆ ಗೌರವ ಇದೆ. ಆದರೆ ಹೊಲಿಗೆ ಕಲಿಯೋಕೆ ಬಂದವಳು ಪ್ರಾರ್ಥನೆಗೆ ಯಾಕೆ ನಿಲ್ಲಬೇಕು? ಆ ಅತ್ತೆಯ ಮಾತಿನಲ್ಲಿ ನ್ಯಾಯ ಇದೆ ಅಂತ ನನಗೆ ಅನಿಸ್ತದೆ.

---

ಜೆಪ್ಪು ಮೊಮ್ಮಗ | ಸೋಮವಾರ ರಾತ್ರಿ 8.50

ಉದ್ದೇಶ ಇತ್ತು. ಮಿಷನರಿಗಳು ಅದನ್ನು ಮುಚ್ಚಿಟ್ಟವರೂ ಅಲ್ಲ. ಆದರೆ ಕಿಟೆಲ್ ವರ್ಷಗಟ್ಟಲೆ ಕೂತು 1894ರಲ್ಲಿ ನಿಘಂಟು ಹೊರಗೆ ತಂದಾಗ ಅದು ಎಲ್ಲ ಕನ್ನಡಿಗರದ್ದೂ ಆಯ್ತು. ಹೆಂಚೂ ಹಾಗೇ, ಎಲ್ಲರ ಮಾಡಿಗೂ ಏರಿತು. ಕೊಟ್ಟದ್ದು ತೆಗೆದುಕೊಂಡವರ ಸ್ವಂತ ಆಯ್ತಾ ಇಲ್ಲವಾ ಅಂತ ನಾನು ನೋಡೋದು.

---

ಕಾಜುಬಾಗ ಕಲಿಕೆ | ಸೋಮವಾರ ರಾತ್ರಿ 9.30

ನಾನು ಅಕ್ಕೋರ ಹತ್ರ ಮೂರು ವರ್ಷದ ಹಿಂದೆ ಕಲಿತವಳು. ಅಕ್ಕೋರಿಗೆ ನಾನು ಯಾರು ಅಂತ ಗೊತ್ತಾಗ್ತದೆ, ಆಗಲಿ. ನಾವು ಹಿಂದೂಗಳು, ಮನೆದೇವರಿಗೆ ಇವತ್ತೂ ನಡಕೊಳ್ತೇವೆ.

ಪ್ರಾರ್ಥನೆ ವಿಷಯ ಹೇಳ್ತೇನೆ. ಮೊದಲ ದಿನ ನನಗೂ ಇರಿಸುಮುರಿಸು ಆಯ್ತು. ನಾನು ಕಣ್ಣು ಮುಚ್ಚದೆ ಕೂತಿದ್ದೆ, ಅಕ್ಕೋರು ಏನೂ ಅನ್ನಲಿಲ್ಲ. ಆ ಒಂದು ನಿಮಿಷದಲ್ಲಿ ಅವರು ಯಾರ ಮನೆಯಲ್ಲಿ ಕಾಯಿಲೆ ಇದೆ, ಯಾರ ಗಂಡ ಸಮುದ್ರದಲ್ಲಿದ್ದಾನೆ ಅಂತ ಹೇಳಿ ಬೇಡಿಕೊಳ್ತಿದ್ರು. ನನ್ನ ಗಂಡ ಬೋಟಿನಲ್ಲಿದ್ದ, ಗಾಳಿ ಇತ್ತು, ಆ ದಿನ ಅವನ ಹೆಸರೂ ಬಂತು. ನನಗೆ ಅಳು ಬಂತು. ಮತ ಬದಲಿಸು ಅಂತ ಅಕ್ಕೋರು ಒಂದು ದಿನವೂ ಹೇಳಿದವರಲ್ಲ.

ಆದ್ರೂ ಶಿರಸಿಯವರು ಹೇಳಿದ್ದು ತಪ್ಪಲ್ಲ. ಹೊಸಬಳಿಗೆ ಬೇಡ ಅನ್ನೋಕೆ ಧೈರ್ಯ ಇರೋದಿಲ್ಲ. ಎಲ್ಲರೂ ಎದ್ದು ನಿಂತಾಗ ಒಬ್ಬಳೇ ಕೂತಿರೋದು ಕಷ್ಟ. ಬೇಕಾದವರು ಹತ್ತು ನಿಮಿಷ ಮೊದಲು ಬರಲಿ, ಪ್ರಾರ್ಥನೆ ಆಗಲೇ ಆಗಲಿ. ನಾನಂತೂ ಹತ್ತು ನಿಮಿಷ ಮೊದಲೇ ಬರ್ತಿದ್ದೆ.

ಕತ್ತರಿ ವಿಷಯ: ಅಕ್ಕೋರೇ, ನಾನು ಮನೆಯಲ್ಲಿ ಯಾರಿಗೂ ಗೊತ್ತಾಗದ ಹಾಗೆ ಒಮ್ಮೆ ಕಟ್ ಮಾಡಿ ನೋಡಿದ್ದೆ. ಕಂಕುಳ ಸುತ್ತು ಬಿಗಿ ಆಯ್ತು. ನಿಮ್ಮ ಹತ್ರ ಹೇಳೋಕೆ ನಾಚಿಕೆ ಆಯ್ತು, ಮತ್ತೆ ಮಾಡಲಿಲ್ಲ.

---

ಸದಾಶಿವಗಡದ ಅಕ್ಕೋರು | ಸೋಮವಾರ ರಾತ್ರಿ 9.55

ಮಗಾ, ಗೊತ್ತಾಯ್ತು ಯಾರು ಅಂತ. ಆ ಬ್ಲೌಸು ಇದ್ರೆ ತಗೊಂಡು ಬಾ. ನಾಚಿಕೆ ಆಗಬೇಕಾದ್ದು ನನಗೆ, ಹೇಳೋಕೆ ಹೆದರುವ ಹಾಗೆ ನಾನು ಮಾಡಿದೆನಲ್ಲ. ಪ್ರಾರ್ಥನೆ ನೀನು ಹೇಳಿದ ಹಾಗೇ ಮಾಡ್ತೇನೆ, ಹತ್ತು ನಿಮಿಷ ಮುಂಚೆ, ಬರುವವರು ಮಾತ್ರ.

---

ವಕೀಲರ ಮನೆ | ಮಂಗಳವಾರ ಬೆಳಿಗ್ಗೆ 8.00

ಅಕ್ಕೋರ ತೀರ್ಮಾನ ಒಳ್ಳೆಯದು. 2022ರ ರಾಜ್ಯದ ಮತಾಂತರ ತಡೆ ಕಾಯ್ದೆಯಲ್ಲಿ ಆಮಿಷ ಅನ್ನೋ ಪದಕ್ಕೆ ತುಂಬಾ ಅಗಲವಾದ ಅರ್ಥ ಕೊಟ್ಟಿದ್ದರು. ಉಡುಗೊರೆ, ದುಡ್ಡು, ಉದ್ಯೋಗ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ ಕೂಡ ಅದರೊಳಗೆ ಬರ್ತದೆ. 2023ರ ಜೂನ್‌ನಲ್ಲಿ ಅದನ್ನು ರದ್ದು ಮಾಡೋ ತೀರ್ಮಾನ ಸಚಿವ ಸಂಪುಟದಲ್ಲಿ ಆಯ್ತು. ಕಾಯ್ದೆ ಇರಲಿ ಬಿಡಲಿ, ಹಾಜರಿ ಪುಸ್ತಕ, ಫೀ ರಶೀದಿ ಇಟ್ಟುಕೊಳ್ಳಿ. ಕಲಿಸುವವರಿಗೂ ಕಲಿಯುವವರಿಗೂ ಅದು ರಕ್ಷಣೆ.

---

ಪಾದ್ರಿಯ ಮಗಳು | ಮಂಗಳವಾರ ಬೆಳಿಗ್ಗೆ 8.25

ಫೀ ವಿಷಯ ಬಂದದ್ದಕ್ಕೆ ಕೇಳ್ತೇನೆ ಅಕ್ಕೋರೇ, ಈಗ ಫೀ ತಗೊಳ್ತೀರಾ?

---

ಸದಾಶಿವಗಡದ ಅಕ್ಕೋರು | ಮಂಗಳವಾರ ಬೆಳಿಗ್ಗೆ 8.31

ಇಲ್ಲ. ಪೂರ್ತಿ ಉಚಿತ. ದಾರ, ಸೂಜಿ ಕೂಡ ನಾವೇ ಕೊಡ್ತೇವೆ.

---

ಬ್ಯಾಂಕ್ ಮಿತ್ರ ಹಳಿಯಾಳ | ಮಂಗಳವಾರ ಬೆಳಿಗ್ಗೆ 9.15

ದಾರದ ದುಡ್ಡಾದರೂ ತಗೊಳ್ಳಿ ಅಕ್ಕೋರೇ. ನಮ್ಮ ಕಡೆ ಒಂದು ಸಂಘದವರು ಪುಕ್ಕಟೆ ಮಶಿನ್ ಹಂಚಿದ್ರು, ವರ್ಷ ಕಳೆಯುವಾಗ ಅರ್ಧಕ್ಕರ್ಧ ಮಾರಾಟ ಆಗಿತ್ತು. ಕಂತು ಕಟ್ಟಿ ತಗೊಂಡವರ ಮಶಿನ್ ಇವತ್ತೂ ಓಡ್ತಾ ಇದೆ.

ಕೆಲವು ಉಪಯೋಗದ ವಿಷಯ. ಕೇಂದ್ರದ ವಿಶ್ವಕರ್ಮ ಯೋಜನೆ 2023ರ ಸೆಪ್ಟೆಂಬರ್‌ನಲ್ಲಿ ಶುರುವಾಯ್ತು. 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಇದೆ, ಮೀನಿನ ಬಲೆ ಹೆಣೆಯೋದೂ ಇದೆ, ದೋಣಿ ಕಟ್ಟೋದೂ ಇದೆ. ತರಬೇತಿ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿ, ಆಮೇಲೆ ಮೊದಲ ಕಂತಿನ ಸಾಲ 1 ಲಕ್ಷದವರೆಗೆ 5% ಬಡ್ಡಿಗೆ. ಒಂದು ಕುಟುಂಬಕ್ಕೆ ಒಬ್ಬರು ಮಾತ್ರ. ನಮ್ಮ ಹಳಿಯಾಳದಲ್ಲಿ ಕೆನರಾ ಬ್ಯಾಂಕ್ ದೇಶಪಾಂಡೆ ತರಬೇತಿ ಸಂಸ್ಥೆ ಇದೆ, ಊಟ ವಸತಿ ಸಮೇತ ಕಲಿಸ್ತಾರೆ. ಅಂಥ ಸಂಸ್ಥೆಗಳಲ್ಲಿ ನನಗೆ ಹಿಡಿಸಿದ್ದು ಅಂದ್ರೆ, ಕಲಿತು ಹೋದವರನ್ನು ಎರಡು ವರ್ಷ ಬೆನ್ನುಹತ್ತಿ ವಿಚಾರಿಸ್ತಾರೆ. ಅಂಗಡಿ ಶುರು ಆಯ್ತಾ, ಸಾಲ ಸಿಕ್ತಾ ಅಂತ. ಅಕ್ಕೋರು ಎಂಟು ವರ್ಷದಿಂದ ಜೊತೆಗಿದ್ದಾರೆ, ಅದು ದೊಡ್ಡದು. ಆದರೆ ಎರಡು ವರ್ಷ ಅಂತ ಒಂದು ಗಡಿ ಇಟ್ಟುಕೊಳ್ಳಿ.

---

ಅಂಕೋಲೆ ಇಶಾಡ | ಮಂಗಳವಾರ ಮಧ್ಯಾಹ್ನ 12.10

ವಿಷಯ ಬಿಟ್ಟು ಹೋಗ್ತಿದ್ದೇನೆ, ಕ್ಷಮಿಸಿ. ಮಳೆಗಾಲದಲ್ಲಿ ಕರೆಂಟ್ ಇಲ್ಲದಾಗ ಮೋಟಾರ್ ಮಶಿನ್ ಇದ್ದವರು ಏನು ಮಾಡ್ತೀರಿ? ನನ್ನ ಹೆಂಡತಿಗೆ ಒಂದು ತಗೊಳ್ಳಬೇಕು ಅಂತಿದ್ದೇವೆ.

---

ಬಿಣಗಾ ದರ್ಜಿ | ಮಂಗಳವಾರ ಮಧ್ಯಾಹ್ನ 12.25

ಕಾಲ್ಮಣೆ ಇರುವ ಮಶಿನ್ ತಗೊಂಡು ಅದಕ್ಕೇ ಮೋಟಾರ್ ಕೂರಿಸಿ. ಕರೆಂಟ್ ಹೋದಾಗ ಬೆಲ್ಟ್ ಹಾಕಿ ತುಳಿದ್ರೆ ಆಯ್ತು. ಉಪ್ಪುಗಾಳಿಗೆ ಬಾಬಿನ್ ಕೇಸ್ ತುಕ್ಕು ಹಿಡೀತದೆ, ವಾರಕ್ಕೊಮ್ಮೆ ಎಣ್ಣೆ ಬಿಡಲೇಬೇಕು.

---

ಕಾಸರಕೋಡು ಕಡಲು | ಮಂಗಳವಾರ ಮಧ್ಯಾಹ್ನ 12.40

ಇಶಾಡ ಅನ್ನೋ ಹೆಸರು ನೋಡಿ ಕೇಳ್ತಿದ್ದೇನೆ, ಈ ವರ್ಷ ಕರಿ ಇಶಾಡ ಮಾವು ಹೇಗಿದೆ? ಭೌಗೋಳಿಕ ಮಾನ್ಯತೆ ಸಿಕ್ಕಮೇಲೆ ರೇಟು ಏರಿತಾ?

---

ಅಂಕೋಲೆ ಇಶಾಡ | ಮಂಗಳವಾರ ಮಧ್ಯಾಹ್ನ 12.52

ಹೂವು ಚೆನ್ನಾಗಿ ಬಂದಿತ್ತು, ಮೋಡಕ್ಕೆ ಅರ್ಧ ಉದುರಿತು. ರೇಟಿನ ವಿಷಯ ಬೇರೆ ಚರ್ಚೆ ಹಾಕೋಣ, ಇಲ್ಲಿ ಅಕ್ಕೋರ ಮಾತು ನಡೀಲಿ.

---

ಕೌದಿ ಮನೆ, ಯಲ್ಲಾಪುರ | ಮಂಗಳವಾರ ರಾತ್ರಿ 8.30

ನಾವು ಸಿದ್ದಿಗಳು. ನಮ್ಮಲ್ಲಿ ಹಿಂದೂ, ಮುಸ್ಲಿಂ, ಕ್ರಿಸ್ತಾಂವ್ ಮೂರೂ ಇದ್ದೇವೆ. ನಮ್ಮ ಮನೆ ಇಗರ್ಜಿಗೆ ಹೋಗುವ ಮನೆ. ನಮಗೆ ಹೊಲಿಗೆ ಕಲಿಸೋಕೆ ಯಾರೂ ಬರಲಿಲ್ಲ, ಅಜ್ಜಿ ಕಲಿಸಿದಳು. ಅದು ಹೇಗೆ ಅಂತ ಹೇಳ್ತೇನೆ, ಅಕ್ಕೋರಿಗೆ ಉಪಯೋಗ ಆದ್ರೆ ಆಗಲಿ.

ಕೌದಿಗೆ ಹಳೆ ಸೀರೆ ಹಾಸಿ, ಮೇಲೆ ಹಳೆ ಬಟ್ಟೆ ತುಂಡು ಇಟ್ಟು ಅಂಚಿನಿಂದ ಶುರು ಮಾಡ್ತೇವೆ. ಸುತ್ತ ಸುತ್ತ ಹೊಲೀತಾ ಒಳಗೆ ಒಳಗೆ ಬರ್ತಾ ನಡುವಿಗೆ ಮುಟ್ಟಬೇಕು. ಅಜ್ಜಿ ನನ್ನನ್ನು ಎದುರು ಮೂಲೆಗೆ ಕೂರಿಸ್ತಿದ್ದಳು. ಅವಳು ಆಚೆಯಿಂದ, ನಾನು ಈಚೆಯಿಂದ. ನನ್ನ ಹೊಲಿಗೆ ಸೊಟ್ಟ ಹೋದರೂ ಬಿಚ್ಚಲಿಲ್ಲ, ಮೇಲೆ ಇನ್ನೊಂದು ತುಂಡು ಇಟ್ಟಳು. ಯಾವ ಬಣ್ಣದ ಪಕ್ಕ ಯಾವ ಬಣ್ಣ ಅಂತ ನನ್ನನ್ನೇ ಕೇಳ್ತಿದ್ದಳು. ಆಗ ನನಗೆ ಎಂಟೋ ಒಂಬತ್ತೋ ವರ್ಷ. ಕೊನೆಗೆ ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ಫೂಲ, ಅಂದ್ರೆ ಹೂವು, ಇಡಬೇಕು, ಅದಿಲ್ಲದಿದ್ರೆ ಕೌದಿ ಬೆತ್ತಲೆ ಅಂತ ನಮ್ಮಲ್ಲಿ ಹೇಳ್ತಾರೆ. ಮೂರು ಮೂಲೆ ಅವಳು ಇಡ್ತಿದ್ದಳು, ಒಂದು ನನಗೆ. ಆ ಕೌದಿ ಈಗ ನನ್ನ ಮಗಳ ಹಾಸಿಗೆ ಮೇಲಿದೆ. ನನ್ನ ಮೂಲೆಯ ಫೂಲ ಬೇರೆ ಮೂರರ ಹಾಗಿಲ್ಲ, ಮುಟ್ಟಿದ್ರೆ ಕಣ್ಣು ಮುಚ್ಚಿಯೂ ಗೊತ್ತಾಗ್ತದೆ.

ಅಕ್ಕೋರೇ, ಪೂರ್ತಿ ಕಲಿತ ಮೇಲೆ ಕತ್ತರಿ ಕೊಡ್ತೇನೆ ಅಂತ ಕಾಯಬೇಡಿ.

---

ಪಾದ್ರಿಯ ಮಗಳು | ಮಂಗಳವಾರ ರಾತ್ರಿ 9.00

ಕೌದಿ ಅಕ್ಕ ಹೇಳಿದ ಮೇಲೆ ನನಗೆ ಲೂಕ 10 ನೆನಪಾಯ್ತು. ಯೇಸು ಶಿಷ್ಯರನ್ನು ಇಬ್ಬಿಬ್ಬರಾಗಿ ಮುಂದೆ ಕಳಿಸ್ತಾನೆ, ಚೀಲ ಬೇಡ, ಹಣ ಬೇಡ, ಚಪ್ಪಲಿ ಬೇಡ ಅಂತ ಹೇಳಿ. ಅವರಿಗೆ ಆಗ ಏನು ಗೊತ್ತಿತ್ತು? ಹಿಂದಿನ ಅಧ್ಯಾಯದಲ್ಲಷ್ಟೇ ಶಿಷ್ಯರೊಳಗೆ ಯಾರು ದೊಡ್ಡವನು ಅಂತ ವಾದ ಆಗಿತ್ತು. ಅಂಥ ಗುಂಪಿನಿಂದಲೇ ಕಳಿಸಿದ. ಒಬ್ಬೊಬ್ಬರನ್ನಲ್ಲ, ಇಬ್ಬಿಬ್ಬರನ್ನು. ಅಕ್ಕೋರೇ, ಕಟಿಂಗನ್ನೂ ಜೋಡಿಯಲ್ಲಿ ಮಾಡಿಸಿ. ಒಬ್ಬಳು ಗುರುತು ಹಾಕಲಿ, ಇನ್ನೊಬ್ಬಳು ಅಳೆದು ನೋಡಲಿ, ಆಮೇಲೆ ಕತ್ತರಿ.

---

ಶಿರಸಿ ತೋಟ | ಬುಧವಾರ ಬೆಳಿಗ್ಗೆ 7.20

ಪಂಡಿತಾ ರಮಾಬಾಯಿ ಅವರ ವಿಷಯ ಯಾರೂ ಎತ್ತಲಿಲ್ಲ. 1858ರಲ್ಲಿ ನಮ್ಮ ಘಟ್ಟದ ಕಾಡಿನಲ್ಲೇ ಹುಟ್ಟಿದವರು, ಸಂಸ್ಕೃತ ವಿದ್ವಾಂಸರ ಮಗಳು. 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತರಾದರು. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗೆ ಶಾರದಾ ಸದನ ತೆರೆದರು, ಆಮೇಲೆ ಪುಣೆ ಹತ್ತಿರ ಕೇಡಗಾಂವ್‌ನಲ್ಲಿ ಮುಕ್ತಿ ಮಿಷನ್. ಅಲ್ಲಿಯ ಹೆಂಗಸರು ನೇಯ್ತಿದ್ದರು, ಬೇಸಾಯ ಮಾಡ್ತಿದ್ದರು, ಅಚ್ಚುಮೊಳೆ ಜೋಡಿಸ್ತಿದ್ದರು. ರಮಾಬಾಯಿ ಮರಾಠಿಗೆ ಮಾಡಿದ ಬೈಬಲ್ ಅನುವಾದದ ಮೊಳೆ ಜೋಡಿಸಿದ್ದೂ ಆ ಹೆಂಗಸರೇ. ಅವರ ಮತಾಂತರವನ್ನು ನಮ್ಮ ಮನೆಯ ಹಿರಿಯರು ಒಪ್ಪಿದವರಲ್ಲ, ನಾನೂ ಪೂರ್ತಿ ಒಪ್ಪಿಲ್ಲ. ಆದರೆ ತಲೆ ಬೋಳಿಸಿ ಮೂಲೆಗೆ ತಳ್ಳಿದ ಹೆಣ್ಣಿನ ಕೈಗೆ ಅಚ್ಚುಮೊಳೆ ಕೊಟ್ಟದ್ದನ್ನು ನಾನು ಮರೆಯಲಾರೆ.

---

ಜೆಪ್ಪು ಮೊಮ್ಮಗ | ಬುಧವಾರ ಬೆಳಿಗ್ಗೆ 7.45

ಶಿರಸಿಯವರೇ, ಇದನ್ನು ನೀವು ಬರೆದದ್ದು ನನಗೆ ತುಂಬಾ ಸಂತೋಷ.

---

ಸದಾಶಿವಗಡದ ಅಕ್ಕೋರು | ಭಾನುವಾರ ಮಧ್ಯಾಹ್ನ 3.20

ಒಂದು ವಾರ ಆಯ್ತು. ಆದದ್ದು ಹೇಳ್ತೇನೆ.

ಅಚ್ಚಿನ ಕಾಗದ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಬುಧವಾರ ಎಲ್ಲರಿಗೂ ಟೇಪು ಮಡಚೋದು ತೋರಿಸಿದೆ. ಮಾಸ್ತರೇ, ಅರ್ಧ ತಾಸಿನಲ್ಲಿ ಹಾಲ್ ತುಂಬ ಗಲಾಟೆ, ಒಬ್ಬರ ಸೊಂಟ ಒಬ್ಬರು ಅಳೀತಾ, ಮಡಚ್ತಾ. 37 ಅಂತಲೂ ಯಾರೂ ನಿಲ್ಲಲಿಲ್ಲ. ಶುಕ್ರವಾರ ನ್ಯೂಸ್ ಪೇಪರ್. ಕಾಜುಬಾಗದ ಹುಡುಗಿ ಹಳೆ ಬ್ಲೌಸು ತಂದಿದ್ದಳು, ಕಂಕುಳ ಎಲ್ಲಿ ಬಿಗಿ ಆಯ್ತು ಅಂತ ಎಲ್ಲರೂ ಸೇರಿ ನೋಡಿದ್ರು. ಭುಜದ ಇಳಿತ ಬಿಟ್ಟುಹೋಗಿತ್ತು. ನಾನು ಹೇಳಲಿಲ್ಲ, ಅವರೇ ಕಂಡುಹಿಡಿದ್ರು. ಬಾಯಿ ಮುಚ್ಚಿಕೊಂಡು ಕೂರೋದು ಇಷ್ಟು ಕಷ್ಟ ಅಂತ ನನಗೆ ಗೊತ್ತಿರಲಿಲ್ಲ. ಎರಡು ಸಲ ಎದ್ದು ಹೊರಗೆ ಹೋಗಿ ಬಂದೆ.

ನನ್ನ ಮೊದಲ ವರ್ಷದವಳು, ಅದೇ ಜಗಲಿ ಮೇಲೆ ಕೂತಿದ್ದವಳು, ಕಾಯಲಿಲ್ಲ. ನಿನ್ನೆ ತನ್ನದೇ ಹೊಸ ಬ್ಲೌಸ್ ಪೀಸಿಗೆ ಕತ್ತರಿ ಹಾಕಿದಳು. ಮುಂಭಾಗ, ಹಿಂಭಾಗ ಚೆನ್ನಾಗಿ ಬಂತು. ತೋಳು ಒಂದಾದ ಮೇಲೆ ಒಂದು ಬೇರೆ ಬೇರೆ ಕತ್ತರಿಸಿದಳು, ತಿರುವಿ ಹಾಕೋಕೆ ಮರೆತಳು. ಎರಡೂ ಎಡಗೈ ತೋಳು. ಮುಖ ಸಣ್ಣದು ಮಾಡಿ ನನ್ನ ಕಡೆ ನೋಡಿದಳು, ನನ್ನ ಕೈ ತಾನೇ ಕತ್ತರಿ ಕಡೆ ಹೋಯ್ತು, ಹಿಂದೆ ತಗೊಂಡೆ. ಸ್ವಲ್ಪ ಹೊತ್ತು ಎರಡೂ ತೋಳು ಒಂದರ ಮೇಲೊಂದು ಇಟ್ಟು ನೋಡಿದಳು. ಆಮೇಲೆ ಪಕ್ಕದ ಹೊಸ ಹುಡುಗಿಗೆ ಹೇಳ್ತಿದ್ದಾಳೆ, "ಬಟ್ಟೆ ಮುಖಕ್ಕೆ ಮುಖ ಸೇರಿಸಿ ಎರಡೂ ಒಟ್ಟಿಗೇ ಕತ್ತರಿಸು, ನನ್ನ ಹಾಗೆ ಮಾಡಬೇಡ." ನನ್ನ ಎದುರಿಗೇ ಕಲಿಸ್ತಿದ್ದಾಳೆ.

ಬರುವ ಬುಧವಾರ ನಾನು ಹಾಲ್‌ಗೆ ಹೋಗೋದಿಲ್ಲ. ಬೀಗದ ಕೈ ಅವಳ ಹತ್ರ ಕೊಟ್ಟಿದ್ದೇನೆ. ದಾರಕ್ಕೆ ತಿಂಗಳಿಗೆ 50 ರೂಪಾಯಿ ಅಂತ ಅವರೇ ನಿಶ್ಚಯ ಮಾಡಿದ್ರು, ಲೆಕ್ಕ ಕಾಜುಬಾಗದವಳು ಬರೀತಾಳೆ.

---

ಕುಮಟೆ ಮಾಸ್ತರು | ಭಾನುವಾರ ಮಧ್ಯಾಹ್ನ 3.41

ಲೆಕ್ಕ ಬರೆಯುವವಳಿಗೆ ನನ್ನ ನಮಸ್ಕಾರ ತಿಳಿಸಿ.

---

ಬಿಣಗಾ ದರ್ಜಿ | ಭಾನುವಾರ ಸಂಜೆ 4.10

ಆ ತೋಳಿನ ಬಟ್ಟೆ ಪ್ಲೇನಾ, ಪ್ರಿಂಟಾ? ಪ್ಲೇನ್ ಆದ್ರೆ ಒಂದನ್ನು ತಿರುವಿ ಹಾಕಿದ್ರೆ ಆಯ್ತು, ನಷ್ಟ ಇಲ್ಲ. ಪೀಸಿನಲ್ಲಿ ಎಷ್ಟು ಉಳಿದಿದೆ?

---

ಸದಾಶಿವಗಡದ ಅಕ್ಕೋರು | ಭಾನುವಾರ ಸಂಜೆ 4.18

ಪ್ರಿಂಟು. ಹದಿನಾಲ್ಕು ಇಂಚು ಉಳಿದಿದೆ.

---

ಬಿಣಗಾ ದರ್ಜಿ | ಭಾನುವಾರ ಸಂಜೆ 4.22

ಧಾರಾಳ ಆಯ್ತು, ಒಂದು ತೋಳು ಹೊಸದಾಗಿ ಬರ್ತದೆ. ಅವಳೇ ಕತ್ತರಿಸಲಿ.